ಬೇವಿನ ಕಡ್ಡಿಯ ಗುರುತು

ಹೊಸೂರಿನಿಂದ ಬಾಗಲೂರಿಗೆ ಹೋಗುವ ರಸ್ತೆಯಲ್ಲಿ, ಮನೆಗಳ ಸಾಲು ಮುಗಿದು ರಾಗಿ ಹೊಲಗಳು ಶುರುವಾಗುವ ಕಡೆ ಒಂದು ಹೊಂಗೆಮರವಿತ್ತು. ಅದರ ನೆರಳಿನಲ್ಲಿ ತಗಡಿನ ಚಪ್ಪರ. ಚಪ್ಪರದ ಮುಂದೆ ಸೊಂಟದೆತ್ತರದ ಸಿಮೆಂಟಿನ ತೊಟ್ಟಿ. ಬೋರ್ಡು ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಆ ಸೀಮೆಯಲ್ಲಿ ಕಾರು, ಲಾರಿ ಓಡಿಸಿದವರಿಗೆ ಬೋರ್ಡು ಬೇಕಾಗಿಯೂ ಇರಲಿಲ್ಲ. ಶೂಳಗಿರಿಯ ಏರಿನಲ್ಲೋ ಅಂಚೆಟ್ಟಿಯ ಘಟ್ಟದಲ್ಲೋ ಬಾನೆಟ್ಟಿನಿಂದ ಹಬೆ ಎದ್ದರೆ, ಶ್ಯಾಮಣ್ಣನ ತೊಟ್ಟಿಗೆ ಒಯ್ಯಬೇಕು ಎಂದುಕೊಳ್ಳುತ್ತಲೇ ಅವರು ಡಬ್ಬ ಹಿಡಿದು ನೀರು ಹುಡುಕಿಕೊಂಡು ಹೋಗುತ್ತಿದ್ದರು.

ಶ್ಯಾಮಣ್ಣ ಬೇರಿಕೆಯವನು. ಅವನ ಅಪ್ಪ ಸಂತೆಯಿಂದ ಸಂತೆಗೆ ತಿದಿ ಹೊತ್ತುಕೊಂಡು ಹೋಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ, ಒಡೆದ ಬಿಂದಿಗೆಗಳನ್ನು ಬೆಸೆಯುತ್ತಿದ್ದ. ಮನೆಮನೆಗೆ ಸ್ಟೀಲು ಬಂದಮೇಲೆ ಆ ಕಸುಬು ಕೈಬಿಟ್ಟಿತು. ಮಗ ಹೊಸೂರಿಗೆ ಬಂದು ಒಂದು ಲಾರಿ ವರ್ಕ್‌ಷಾಪಿನಲ್ಲಿ ಸೇರಿಕೊಂಡ. ಅಲ್ಲಿ ಮೊದಲ ಬಾರಿಗೆ ರೇಡಿಯೇಟರ್ ಒಂದನ್ನು ಬಿಚ್ಚಿ ನೆಲಕ್ಕೆ ಇಟ್ಟಾಗ ಅವನಿಗೆ ಅದು ಹೊಸತೆನಿಸಲಿಲ್ಲ. ಮೇಲೊಂದು ಹಿತ್ತಾಳೆಯ ಪೆಟ್ಟಿಗೆ, ಕೆಳಗೊಂದು. ನಡುವೆ ಬೆರಳಿಗಿಂತ ಸಣ್ಣ ಕೊಳವೆಗಳ ಸಾಲು, ಕೊಳವೆಗಳ ಸುತ್ತ ಕಾಗದದಷ್ಟು ತೆಳುವಾದ ತಗಡಿನ ರೆಕ್ಕೆಗಳು. ಒಳಗೆ ನೀರು, ಹೊರಗೆ ಶಾಖ. ಇದೂ ಒಂದು ಪಾತ್ರೆಯೇ ಎಂದು ಅವನು ತೀರ್ಮಾನಿಸಿದ. ಅಪ್ಪನ ತವರದ ಕಡ್ಡಿ, ಬೆಸುಗೆಗೆ ಮುಂಚೆ ತಿಕ್ಕುವ ನವಸಾಗರದ ಗಟ್ಟಿ ಎರಡೂ ಮತ್ತೆ ಕೆಲಸಕ್ಕೆ ಬಂದವು. ಕೆಲವು ವರ್ಷಗಳ ನಂತರ ಹೊಂಗೆಮರದ ಕೆಳಗೆ ಸ್ವಂತ ತೊಟ್ಟಿ ಕಟ್ಟಿಸಿದ.

ತೊಟ್ಟಿಯ ಕೆಲಸಕ್ಕೆ ಇಬ್ಬರು ಬೇಕು. ರೇಡಿಯೇಟರಿನ ಬಾಯಿಗಳನ್ನೆಲ್ಲ ಸೈಕಲ್ ಟ್ಯೂಬಿನ ತುಂಡುಗಳಿಂದ ಬಿಗಿದು, ಒಂದಕ್ಕೆ ಪಂಪಿನ ಕೊಳವೆ ಸಿಕ್ಕಿಸಿ, ನೀರಿನಲ್ಲಿ ಮುಳುಗಿಸಬೇಕು. ಒಬ್ಬರು ಪಂಪು ಹೊಡೆದರೆ ಇನ್ನೊಬ್ಬರು ನೀರನ್ನು ನೋಡಬೇಕು. ತೂತಿರುವ ಕಡೆಯಿಂದ ಗಾಳಿಯ ಗುಳ್ಳೆಗಳು ಏಳುತ್ತವೆ. ಗುಳ್ಳೆ ಏಳುವ ಜಾಗದಲ್ಲಿ ರೆಕ್ಕೆಗಳ ನಡುವೆ ಒಂದು ಬೇವಿನ ಕಡ್ಡಿ ಸಿಕ್ಕಿಸಿ ಗುರುತು ಮಾಡಿಕೊಳ್ಳಬೇಕು. ಆಮೇಲೆ ಹೊರತೆಗೆದು, ಒರೆಸಿ, ಮೇಲಿಂದ ಕೆಳಗಿನವರೆಗೆ ಅಂಗೈಯಾಡಿಸಿ, ಕಡ್ಡಿ ಸಿಕ್ಕಿದಲ್ಲೆಲ್ಲ ಬೆಸುಗೆ ಹಾಕಬೇಕು. ಪಂಪು ಹೊಡೆಯುವವಳು ಶ್ಯಾಮಣ್ಣನ ಹೆಂಡತಿ ಚೆಲುವಮ್ಮ. ಮಕ್ಕಳಿಲ್ಲದ ಮನೆ, ಬೆಳಗಿನ ಅಡುಗೆ ಮುಗಿಸಿ ಬಂದರೆ ಸಂಜೆಯವರೆಗೂ ಅವಳು ತೊಟ್ಟಿಯ ಬಳಿಯೇ ಇರುತ್ತಿದ್ದಳು. ಬೇವಿನ ಕಡ್ಡಿಗಳನ್ನು ಈಳಿಗೆಮಣೆಯಲ್ಲಿ ಹೆರೆದು, ತುದಿಯನ್ನು ಚಪ್ಪಟೆ ಮಾಡಿ, ಕಟ್ಟು ಕಟ್ಟಿ ಇಡುವುದೂ ಅವಳದೇ ಕೆಲಸ.

ಸೋರುವ ರೇಡಿಯೇಟರಿಗೆ ಒಂದು ಹಿಡಿ ಅರಿಶಿನಪುಡಿ ಸುರಿಯುವುದು ಆ ಕಡೆಯ ಡ್ರೈವರುಗಳ ರೂಢಿ. ಪುಡಿ ನೀರಿನಲ್ಲಿ ಉಬ್ಬಿ ತೂತಿಗೆ ಅಂಟಿಕೊಂಡು ನಾಲ್ಕು ದಿನ ಸೋರಿಕೆ ನಿಲ್ಲುತ್ತಿತ್ತು. ನಿಂತ ಸೋರಿಕೆಯ ಜೊತೆಗೆ ಒಳ್ಳೆಯ ಕೊಳವೆಗಳೂ ಕಟ್ಟಿಕೊಳ್ಳುತ್ತಿದ್ದವು. ರೇಡಿಯೇಟರ್ ಬಗ್ಗಿಸಿದಾಗ ಹಳದಿ ಗಸಿ ಬಂದರೆ ಚೆಲುವಮ್ಮನ ಬಾಯಿಗೆ ತಡೆಯಿರುತ್ತಿರಲಿಲ್ಲ.

"ಏನ್ಲಾ ಇದು, ಸಾರಿಗೆ ಇಟ್ಟಿದ್ಯಾ? ಉಪ್ಪು, ಹುಳಿ ಯಾಕೆ ಬುಟ್ಟೆ?"

"ಘಟ್ಟದ ಮೇಲೆ ಇನ್ನೇನ್ ಮಾಡ್ಲಿ ಅಕ್ಕಾ? ಪ್ಯಾಸೆಂಜರ್ ಅಳ್ತಾ ಕುಂತವ್ರೆ."

"ಅಳೋರ ಕೈಲಿ ಒಂದು ಒಗ್ಗರಣೆ ಹಾಕ್ಸಿದ್ರೆ ಊಟಾನೂ ಆಗೋದು."

ಶ್ಯಾಮಣ್ಣ ನಗುತ್ತಿದ್ದ. ಮಾತು ಕಡಿಮೆಯ ಮನುಷ್ಯ.

ಕಣ್ಣಿನ ತೊಂದರೆ ಯಾವಾಗ ಶುರುವಾಯಿತೆಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಅದು ವಿಚಿತ್ರವಾದ ಕುರುಡು. ದಾರಿ, ಮರ, ಬರುವ ಬಸ್ಸು, ಪಕ್ಕದಲ್ಲಿ ನಿಂತವರು, ಎಲ್ಲ ಕಾಣುತ್ತಿತ್ತು. ಯಾವುದನ್ನು ನೇರವಾಗಿ ನೋಡುತ್ತಾನೋ ಅದು ಮಾತ್ರ ಕಾಣುತ್ತಿರಲಿಲ್ಲ. ಅಲ್ಲಿ ಒಂದು ಬೂದಿಬಣ್ಣದ ಮಚ್ಚೆ ಕುಳಿತಿರುತ್ತಿತ್ತು. ಸಂತೆಗೆ ಒಬ್ಬನೇ ಹೋಗಿ ಬರುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಆದರೆ ತೊಟ್ಟಿಯ ನೀರಿನಲ್ಲಿ ಸಾಸಿವೆಯಷ್ಟು ಗುಳ್ಳೆಯನ್ನು ಓರೆಗಣ್ಣಿನಲ್ಲಿ ನೋಡಲು ಬರುವುದಿಲ್ಲ.

ಒಂದು ದಿನ ಚೆಲುವಮ್ಮ ಪಂಪು ಹೊಡೆಯುತ್ತಿದ್ದಳು. ಬಲಮೂಲೆಯಲ್ಲಿ ಗುಳ್ಳೆಗಳು ಸರಸರನೆ ಏಳುತ್ತಿದ್ದವು. ಶ್ಯಾಮಣ್ಣ ನೀರಿನ ಮೇಲೆ ಬಾಗಿ, ತುಂಬ ಹೊತ್ತು ನೋಡಿ, ಎಡಗಡೆ ಏನೂ ಇಲ್ಲದ ಕಡೆ ಕಡ್ಡಿ ಸಿಕ್ಕಿಸಿದ. ಲಾರಿಯ ಡ್ರೈವರು ಪಕ್ಕದಲ್ಲೇ ಬೀಡಿ ಸೇದುತ್ತ ನಿಂತಿದ್ದ. ಚೆಲುವಮ್ಮ ಪಂಪು ನಿಲ್ಲಿಸಿದಳು.

"ರಟ್ಟೆ ನೋಯ್ತೈತೆ ಕಣಯ್ಯಾ. ಪಂಪು ನೀನೇ ಹೊಡಿ, ಇಲ್ಕೊಡು ಇದನ್ನ" ಎಂದು ಅವನ ಕೈಯಿಂದ ಕಡ್ಡಿ ತೆಗೆದುಕೊಂಡಳು.

ಅಂದಿನಿಂದ ಅವನು ಪಂಪು ಹೊಡೆದ, ಅವಳು ನೀರು ನೋಡಿದಳು. ಅದರ ಬಗ್ಗೆ ಗಂಡಹೆಂಡಿರು ಆ ಸಂಜೆಯೂ ಮಾತಾಡಲಿಲ್ಲ, ಮರುದಿನವೂ ಮಾತಾಡಲಿಲ್ಲ. ಕೃಷ್ಣಗಿರಿಯಲ್ಲಿ ಕಣ್ಣಿನ ಶಿಬಿರ ನಡೆದಾಗ ಅವಳು, ಅಲ್ಲಿ ಯಾರೋ ನೆಂಟರನ್ನು ನೋಡಬೇಕೆಂಬ ನೆಪ ಹೇಳಿ ಅವನನ್ನು ಕರೆದುಕೊಂಡು ಹೋದಳು. ಡಾಕ್ಟರು ದೀಪ ಬಿಟ್ಟು ನೋಡಿ, ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಕಣ್ಣಿನ ಹಿಂದಿನ ಪರದೆಯೇ ಸವೆದಿದೆ, ಅದಕ್ಕೆ ಔಷಧವಿಲ್ಲ ಎಂದರು. ಹಿಂದಿರುಗುವ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಹೊಸೂರಿನ ಬೆಟ್ಟದ ಗುಡಿ ಕಾಣಿಸಿದ ಮೇಲೆ, "ಬೆಸುಗೆ ಹಾಕಾಕೆ ಆಯ್ತದಾ?" ಎಂದು ಕೇಳಿದಳು.

"ಆಯ್ತದೆ. ಕಡ್ಡಿ ಕೈಗೆ ಸಿಕ್ಕಿದ್ರೆ ಆಯ್ತದೆ. ತವರ ಕರಗಿದ್ದು ಸದ್ದಿಗೇ ಗೊತ್ತಾಯ್ತದೆ."

"ಹಂಗಾದ್ರೆ ಯಾರ್ಗೂ ಹೇಳೋದು ಬ್ಯಾಡ."

ಹೇಳಬಾರದೆಂಬುದು ಅವನಿಗೂ ಗೊತ್ತಿತ್ತು. ಒಂದು ರೇಡಿಯೇಟರಿನ ಮೇಲೆ ಒಂದು ಗಾಡಿ, ಗಾಡಿಯ ಮೇಲೆ ಘಟ್ಟದಲ್ಲಿ ಆರೇಳು ಜೀವ. ಕಣ್ಣಿಲ್ಲದವನು ಹಾಕಿದ ಬೆಸುಗೆಯನ್ನು ನಂಬಿ ಯಾರು ಘಟ್ಟ ಇಳಿಯುತ್ತಾರೆ? ಸುದ್ದಿ ಟ್ಯಾಕ್ಸಿ ಸ್ಟ್ಯಾಂಡಿಗೆ ಮುಟ್ಟಿದ ದಿನವೇ ತೊಟ್ಟಿ ಒಣಗುತ್ತಿತ್ತು. ಬೇರೆ ಕೆಲಸ ಅವನ ಕೈಗೆ ತಿಳಿದಿರಲಿಲ್ಲ.

ಹೆಂಡತಿ ಮೇಸ್ತ್ರಿ, ಗಂಡ ಕೈಯಾಳು ಎಂಬ ತಮಾಷೆ ಮಾತ್ರ ಊರೆಲ್ಲ ಹಬ್ಬಿತು. ಸೇಲಂ ಕಡೆಯ ಲಾರಿಯವನೊಬ್ಬ ಬಂದಾಗಲೆಲ್ಲ, "ಎನ್ನ ಶ್ಯಾಮಣ್ಣೇ, ಕೂಲಿ ಎವ್ವಳವು ಕುಡುಕ್ಕಿರಾಂಗ ಅಕ್ಕಾ?" ಎಂದು ಅಕ್ಕ ಎಷ್ಟು ಕೂಲಿ ಕೊಡುತ್ತಾಳೆಂದು ವಿಚಾರಿಸುತ್ತಿದ್ದ. ಶ್ಯಾಮಣ್ಣ ತಲೆ ತಗ್ಗಿಸಿ ಪಂಪು ಹೊಡೆಯುತ್ತಿದ್ದ.

"ಎರಡು ಹೊತ್ತು ಮುದ್ದೆ ಇಕ್ತೀನಿ. ನಿನ್ ಹೆಂಡ್ರು ನಿಂಗೆ ಅದೂ ಇಕ್ಕಾಕಿಲ್ವಂತಲ್ಲ?" ಎಂದು ಚೆಲುವಮ್ಮ ಅವನ ಬಾಯಿ ಮುಚ್ಚಿಸುತ್ತಿದ್ದಳು.

ಹಾಗೆ ವರ್ಷಗಳು ಕಳೆದವು. ಹೊಸೂರಿಗೆ ಫ್ಯಾಕ್ಟರಿಗಳು ಬಂದವು, ರಸ್ತೆ ಅಗಲವಾಯಿತು, ರಾಗಿ ಹೊಲಗಳಲ್ಲಿ ಸೈಟಿನ ಕಲ್ಲುಗಳು ಎದ್ದವು. ಚೆಲುವಮ್ಮ ನೋಡಿ ಕಳಿಸಿದ ರೇಡಿಯೇಟರ್ ಯಾವುದೂ ಸೋರಿಕೊಂಡು ವಾಪಸು ಬರಲಿಲ್ಲ.

ಎಂಬತ್ತಮೂರರ ಮಳೆಗಾಲದಲ್ಲಿ ಅವಳ ಪಾದಗಳು ಊದಿಕೊಳ್ಳತೊಡಗಿದವು. ಬಾವಿಯಿಂದ ಒಂದು ಕೊಡ ನೀರು ತಂದರೆ ಕುಳಿತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ, ಹೃದಯ ಹಿಗ್ಗಿಹೋಗಿದೆ, ಆಪರೇಷನ್ನಿನ ಕಾಲ ಮೀರಿದೆ ಎಂದು ಹೇಳಿ ಮಾತ್ರೆ ಕೊಟ್ಟು ಕಳಿಸಿದರು. ಅವಳು ತೊಟ್ಟಿಯ ಪಕ್ಕ ಒಂದು ಸ್ಟೂಲು ಹಾಕಿಸಿಕೊಂಡಳು. ಸಂಕ್ರಾಂತಿಯ ಹೊತ್ತಿಗೆ ಸ್ಟೂಲಿನ ಮೇಲೂ ಹೆಚ್ಚು ಹೊತ್ತು ಕೂರಲಾಗುತ್ತಿರಲಿಲ್ಲ. ಚಪ್ಪರದ ಕೆಳಗೆ ಹಗ್ಗದ ಮಂಚ ಬಂತು.

ಅವಳಿಗೆ ಉಳಿದಿದ್ದ ಚಿಂತೆ ಒಂದೇ: ತಾನಿಲ್ಲದೆ ಇವನು ಹೇಗೆ ಕೆಲಸ ಮಾಡುತ್ತಾನೆ? ಕಣ್ಣು ಹೋದರೂ ಕೈಯಿದೆ, ನೀರಿನಲ್ಲಿ ಕೈಯಾಡಿಸಿದರೆ ಗುಳ್ಳೆ ಬೆರಳಿಗೆ ತಾಕಬೇಕು ಎಂದು ಅವಳ ಲೆಕ್ಕ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಂದು ಹಳೆಯ ರೇಡಿಯೇಟರನ್ನು ಮುಳುಗಿಸಿ, ಮಂಚದ ಮೇಲೆ ಒರಗಿಕೊಂಡೇ ಪಂಪಿನ ಹಿಡಿ ಹಿಡಿದುಕೊಂಡು, ಅವನಿಗೆ ಪಾಠ ಶುರುಮಾಡಿದಳು.

"ತಾಕ್ತಾ?"

"ತಾಕ್ತು."

"ಎಲ್ಲಿ?"

"ಬಲಗಡೆ. ಮೇಲ್ಗಡೆ."

"ಇನ್ನೂ ಪಂಪೇ ಹೊಡ್ದಿಲ್ಲ ಕಣಯ್ಯಾ ನಾನು!"

ಇಬ್ಬರೂ ನಕ್ಕರು. ನಗುವಿನಿಂದ ಅವಳಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅವಳು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಬೆಸುಗೆಯ ಆ್ಯಸಿಡ್ಡೂ ಕಾದ ತವರವೂ ಸುಟ್ಟು ಸುಟ್ಟು ಆ ತುದಿಗಳು ಕೊರಡಿನಂತಾಗಿದ್ದವು. ಕಡ್ಡಿ ಸಿಕ್ಕರೆ ಗೊತ್ತಾಗುತ್ತಿತ್ತು. ಗುಳ್ಳೆಯಂಥ ಹಗುರವಾದದ್ದು ಗೊತ್ತಾಗುವ ಕಾಲ ಹೋಗಿತ್ತು.

"ನೋಡು, ಇನ್ನ ಬರೋ ಗಾಡೀನ ನೀನೇ ನೋಡ್ಬೇಕು. ನನ್ನೆದುರ್ಗೆ. ಒಂದೇ ಒಂದ್ಸಲ ನೀನಾಗೇ ತೂತು ಹಿಡ್ದಿದ್ ನೋಡ್ಬುಟ್ರೆ ನಂಗೆ ಸಾಕು" ಎಂದಳು.

ಮರುದಿನ ಬೆಳಿಗ್ಗೆ ಬಂದದ್ದು ವೆಂಕಟರಾಮಪ್ಪನ ಅಂಬಾಸಿಡರ್ ಟ್ಯಾಕ್ಸಿ. ವೆಂಕಟರಾಮಪ್ಪ ಹೊಸೂರಿನಿಂದ ಅಂಚೆಟ್ಟಿಗೆ ಬಾಡಿಗೆ ಹೊಡೆಯುವವನು, ಹಳೆಯ ಗಿರಾಕಿ. ಕಾರು ರಸ್ತೆಯ ಬದಿ ನಿಂತಿತ್ತು. ಮಂಚ ಚಪ್ಪರದ ಒಳಗಿತ್ತು. ಬಾನೆಟ್ಟು ಎತ್ತಿ ಹೋಸ್ ಪೈಪು ಬಿಚ್ಚುತ್ತ ಶ್ಯಾಮಣ್ಣ ದನಿ ತಗ್ಗಿಸಿ ಕೇಳಿದ:

"ಎಲ್ಲಿ ಸೋರ್ತೈತೆ, ನೋಡಿದ್ಯಾ?"

"ಎಡಗಡೆ ಕಣಣ್ಣ, ತಳದ ಮೂಲೇಲಿ. ಹನಿ ಬೀಳೋದು ಕಣ್ಣಾರೆ ಕಂಡಿವ್ನಿ. ಅರಿಶ್ನ ಹಾಕಿದ್ದೆ, ಅಕ್ಕಂಗೆ ಹೇಳ್ಬೇಡ."

"ಬೇರೆ ಎಲ್ಲೂ ಇಲ್ವಾ?"

"ಒಂದೇ. ಯಾಕಣ್ಣ ಗುಟ್ಟಾಗಿ ಕೇಳ್ತೀಯಾ?"

"ಸುಮ್ಕೆ."

ಮೋಸ ಮಾಡುತ್ತಿದ್ದೇನೆಂದು ಶ್ಯಾಮಣ್ಣನಿಗೆ ಅನ್ನಿಸಲಿಲ್ಲ. ಅವಳು ಕೇಳಿದ್ದು ಅದೊಂದನ್ನೇ. ಕೊಡಲು ಬೇರೆ ದಾರಿ ಅವನಿಗೆ ಹೊಳೆಯಲಿಲ್ಲ.

ಚೆಲುವಮ್ಮ ಗೋಡೆ ಹಿಡಿದುಕೊಂಡು ಬಂದು ಸ್ಟೂಲಿನ ಮೇಲೆ ಕುಳಿತಳು. ಅಭ್ಯಾಸದಂತೆ ಅವಳ ಕೈಯಲ್ಲಿ ಬೇವಿನ ಕಡ್ಡಿಯಿತ್ತು. ಪಂಪು ಹೊಡೆಯುವ ಕೆಲಸ ವೆಂಕಟರಾಮಪ್ಪನ ಪಾಲಿಗೆ ಬಂತು.

"ಇವತ್ತು ನಂಗೂ ಕೂಲಿ ಐತಾ ಅಕ್ಕಾ?"

"ಕಾರ್ ಒಳಗಿಂದ ಹಳ್ದಿ ನೀರು ಬಂದೈತೆ. ಮೊದ್ಲು ಅದಕ್ಕೆ ಜುಲ್ಮಾನೆ ಕಟ್ಟು."

ಶ್ಯಾಮಣ್ಣ ತೋಳು ಮಡಿಸಿ ಎರಡೂ ಕೈಗಳನ್ನು ನೀರಿಗಿಳಿಸಿದ. ಪಂಪಿನ ಸದ್ದಿಗೆ ನೀರು ಅದುರುತ್ತಿತ್ತು. ಅವನು ಮೊದಲು ಬಲಗಡೆ ಮೇಲಿನಿಂದ ಆರಂಭಿಸಿದ. ಅಲ್ಲಲ್ಲಿ ತಡೆದ, ಕಿವಿಗೊಡುವವನಂತೆ ಕತ್ತು ವಾಲಿಸಿದ, ಇಲ್ಲವೆಂದು ತಲೆಯಾಡಿಸಿ ಮುಂದೆ ಸರಿದ. ಕೊನೆಗೆ ಎಡಗಡೆಯ ತಳದ ಮೂಲೆಗೆ ಬಂದು ನಿಂತ.

"ಇಲ್ಲಿ" ಎಂದ.

ಚೆಲುವಮ್ಮ ನೀರಿನ ಮೇಲೆ ಬಾಗಿದ್ದು, ಬಳೆಗಳು ತೊಟ್ಟಿಯ ಅಂಚಿಗೆ ತಾಕಿದ್ದು ಅವನಿಗೆ ಕೇಳಿಸಿತು.

"ಹ್ಞೂ. ಅದೇ" ಎಂದಳು. ಸ್ವಲ್ಪ ತಡೆದು, "ಇನ್ನೊಂದ್ಸಲ ಕೈಯಾಡ್ಸು ಕಣಯ್ಯಾ. ಮೇಲಿಂದ ಕೆಳ್ಗಂಟ."

"ಸಿಕ್ತಲ್ಲ, ಬುಡು."

"ಒಂದ್ಸಲ ಸವ್ರು."

"ಸಿಕ್ತು ಅಂದ್ನಲ್ಲ ಚೆಲುವೀ. ನಿಂಗೇ ನಂಬ್ಕೆ ಇಲ್ದಿದ್ರೆ ಹೆಂಗೆ?" ಎಂದು ಅವನು ನಕ್ಕ. ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ಗೆಲುವಿತ್ತು.

ರೇಡಿಯೇಟರ್ ಹೊರಬಂತು. ಎಂದಿನಂತೆ ಒರೆಸಿ ಅಂಗೈಯಾಡಿಸಬೇಕಿತ್ತು. ಅಂದು ಅವನಿಗೆ ಅದರ ನೆನಪೇ ಆಗಲಿಲ್ಲ. ಜಾಗ ಗೊತ್ತಿತ್ತು, ಬೆರಳು ಅಲ್ಲೇ ಊರಿತ್ತು. ಬ್ಲೋ ಲ್ಯಾಂಪ್ ಹೊತ್ತಿಸಿ, ಮೂಲೆಯನ್ನು ಕೆರೆದು, ನವಸಾಗರ ತಿಕ್ಕಿ, ತವರ ಹರಿಸಿದ. ಬೆಸೆದ ಮೇಲೆ ಮತ್ತೊಮ್ಮೆ ಮುಳುಗಿಸಿ ನೋಡುವುದು ಆ ತೊಟ್ಟಿಯ ನಿಯಮ. ಆದರೆ ಅಷ್ಟು ಹೊತ್ತಿಗೆ ಚೆಲುವಮ್ಮನಿಗೆ ಕೆಮ್ಮು ಹತ್ತಿತು. ಉಸಿರು ಸಿಗದೆ ಅವಳು ಸ್ಟೂಲಿನಿಂದ ವಾಲಿದಾಗ ಇಬ್ಬರೂ ಸೇರಿ ಎತ್ತಿ ಮಂಚಕ್ಕೆ ಸಾಗಿಸಿದರು. ಸುಧಾರಿಸಿಕೊಳ್ಳುವ ವೇಳೆಗೆ ಅಂಚೆಟ್ಟಿಯ ಬಾಡಿಗೆಯವರು ಟ್ಯಾಕ್ಸಿ ಹುಡುಕಿಕೊಂಡು ಬಂದಿದ್ದರು. ವೆಂಕಟರಾಮಪ್ಪ ಅವಸರವಾಗಿ ರೇಡಿಯೇಟರ್ ಕೂರಿಸಿಕೊಂಡು ಹೊರಟ.

ಸಂಜೆ ಅವಳು ಎರಡು ತುತ್ತು ಉಂಡಳು.

"ಹಿಡ್ದೆ, ನೋಡ್ದಾ? ಇನ್ನ ಏನೂ ಯೋಚ್ನೆ ಮಾಡ್ಬೇಡ" ಎಂದ ಶ್ಯಾಮಣ್ಣ.

"ಇಲ್ಲ. ಮಾಡಾಕಿಲ್ಲ" ಎಂದಳು. ಅವನ ಬೆರಳುಗಳನ್ನು ಹಿಡಿದುಕೊಂಡೇ ಮಲಗಿದಳು.

ಶಿವರಾತ್ರಿಯ ಹಿಂದಿನ ವಾರ, ಒಂದು ಮಧ್ಯಾಹ್ನ, ಅವನು ಚಪ್ಪರದಲ್ಲೇ ಹೂಡಿದ್ದ ಒಲೆಯ ಮುಂದೆ ಗಂಜಿ ಕಲಕುತ್ತಿದ್ದಾಗ ಅವಳ ಉಸಿರಿನ ಸದ್ದು ನಿಂತಿತು. ಅವನು ಬಂದು ಪಕ್ಕದಲ್ಲಿ ಕುಳಿತ. ಮುಖವನ್ನು ನೋಡಬೇಕೆಂದು ನೇರವಾಗಿ ದೃಷ್ಟಿಯಿಟ್ಟರೆ ಅಲ್ಲಿ ಬೂದಿಬಣ್ಣದ ಮಚ್ಚೆ ಮಾತ್ರ ಇತ್ತು. ಕೊನೆಗೆ ಅವಳ ತಲೆಯ ಪಕ್ಕದ ತಗಡಿನ ಗೋಡೆಯನ್ನೇ ದಿಟ್ಟಿಸಿದ. ಆಗ ಹಣೆಯ ಕುಂಕುಮವೂ ಕೆನ್ನೆಯೂ ಅಂಚಿನಲ್ಲಿ ಮಸುಕಾಗಿ ಬಂದವು. ಬಂದವರಿಗೆ, ಇವನೇಕೆ ಹೆಂಡತಿಯ ಕಡೆ ನೋಡದೆ ಗೋಡೆ ನೋಡುತ್ತ ಕುಳಿತಿದ್ದಾನೆಂದು ಆಶ್ಚರ್ಯವಾಯಿತು.

ಕರ್ಮಾಂತರಗಳು ಮುಗಿದ ಮೇಲೆ ಚಪ್ಪರವನ್ನು ಬೆಳಿಗ್ಗೆ ತೆರೆಯುತ್ತಿದ್ದ, ಸಂಜೆ ಮುಚ್ಚುತ್ತಿದ್ದ. ಗಾಡಿ ತಂದವರಿಗೆ ಆ್ಯಸಿಡ್ ಮುಗಿದಿದೆ ಎನ್ನುತ್ತಿದ್ದ, ಇಲ್ಲವೇ ತವರ ಬಂದಿಲ್ಲ ಎನ್ನುತ್ತಿದ್ದ. ದುಃಖದಲ್ಲಿದ್ದಾನೆಂದು ಅವರು ಸುಮ್ಮನೆ ಹೋಗುತ್ತಿದ್ದರು. ಹೊಂಗೆಯ ಎಲೆಗಳು ತೊಟ್ಟಿಯ ನೀರಿಗೆ ಬಿದ್ದು ಕೊಳೆಯುತ್ತಿದ್ದವು. ಅವಳು ನಂಬಿಕೊಂಡು ಹೋದಳು ಎಂಬ ಒಂದೇ ಸಮಾಧಾನದ ಮೇಲೆ ಅವನ ದಿನಗಳು ಸಾಗುತ್ತಿದ್ದವು.

ಯುಗಾದಿಗೆ ಮುಂಚೆ ವೆಂಕಟರಾಮಪ್ಪನ ಟ್ಯಾಕ್ಸಿ ಮತ್ತೆ ಬಂತು.

"ಬೇಜಾರ್ ಮಾಡ್ಕೋಬೇಡ ಶ್ಯಾಮಣ್ಣ. ಈ ಹೊತ್ನಲ್ಲಿ ಬರ್ಬಾರ್ದು ಅಂತ್ಲೇ ಇದ್ದೆ. ನೆನ್ನೆ ಘಟ್ಟದಾಗೆ ಕುದ್ದು ನಿಂತ್ಬುಡ್ತು. ನಿನ್ ಬೆಸುಗೆ ಅಲ್ಲಾಡಿಲ್ಲ, ಇದು ಬೇರೆ ತಾವು. ಮೇಲ್ಗಡೆ ಎಲ್ಲೋ ನೀರು ಜಿನುಗ್ತೈತೆ. ಮೊದ್ಲು ಅರಿಶ್ನ ಕಟ್ಕಂಡಿತ್ತೋ ಏನೋ."

ಆ್ಯಸಿಡ್ ಇಲ್ಲವೆನ್ನಲು ಶ್ಯಾಮಣ್ಣನಿಗೆ ನಾಲಿಗೆ ಏಳಲಿಲ್ಲ. ರೇಡಿಯೇಟರ್ ಬಿಚ್ಚಿ ತೊಟ್ಟಿಯ ಅಂಚಿನ ಮೇಲಿಟ್ಟುಕೊಂಡ. ಒರೆಸಿ, ಎಷ್ಟೋ ವರ್ಷಗಳ ರೂಢಿಯಂತೆ, ಮೇಲಿನಿಂದ ಕೆಳಕ್ಕೆ ಅಂಗೈಯಾಡಿಸಿದ. ಬಲಗಡೆ, ಮೇಲಿನ ಪೆಟ್ಟಿಗೆಗೆ ಒಂದು ಗೇಣು ಕೆಳಗೆ, ಹೆಬ್ಬೆರಳಿಗೆ ಏನೋ ತಡೆಯಿತು.

ರಸ್ತೆಯ ಕಸವಿರಬೇಕೆಂದುಕೊಂಡ. ಉಗುರು ಹಾಕಿ ಮೀಟಿದರೆ ಬರಲಿಲ್ಲ. ರೆಕ್ಕೆಗಳ ನಡುವೆ ಬಿಗಿಯಾಗಿ ಕೂತಿತ್ತು. ಇಕ್ಕಳದಿಂದ ಎಳೆದು ಅಂಗೈಯ ಮೇಲಿಟ್ಟು ಸವರಿದ. ಒಂದು ಕಡೆ ಮುರಿದಿತ್ತು. ಇನ್ನೊಂದು ಕಡೆ ಈಳಿಗೆಯಲ್ಲಿ ಹೆರೆದು ಚಪ್ಪಟೆ ಮಾಡಿದ ತುದಿ.

ಅವನು ತೊಟ್ಟಿಯ ಅಂಚಿಗೆ ಒರಗಿದ. ಬಳೆಗಳು ಸಿಮೆಂಟಿಗೆ ತಾಕಿದ ಸದ್ದು ನೆನಪಾಯಿತು. ಅವನು ಎಡಗಡೆ ಬೆರಳೂರಿ ‘ಇಲ್ಲಿ’ ಎಂದಾಗ ಬಲಗಡೆಯೂ ಒಂದು ಗುಳ್ಳೆ ಏಳುತ್ತಿತ್ತು. ಅವನ ಕೈ ಅದರ ಮೇಲೆಯೇ ಹಾದು, ಇಲ್ಲವೆಂದು ತಲೆಯಾಡಿಸಿ, ಮುಂದೆ ಹೋಗಿತ್ತು. ಅವಳು ಅದನ್ನು ನೋಡಿದ್ದಳು. ಡ್ರೈವರನ ಮುಂದೆ ಬಾಯಿಬಿಟ್ಟು ಹೇಳದೆ ಕಡ್ಡಿ ಸಿಕ್ಕಿಸಿದ್ದಳು. ಕೈಯಾಡಿಸು, ಸವರು ಎಂದು ಎರಡು ಸಲ ಕೇಳಿದ್ದಳು. ಮಾಡಾಕಿಲ್ಲ ಎಂದು ಅವನ ಬೆರಳು ಹಿಡಿದುಕೊಂಡು ಮಲಗಿದವಳು ಎಲ್ಲವನ್ನೂ ತಿಳಿದೇ ಮಲಗಿದ್ದಳು.

"ಏನಣ್ಣ ಅದು?" ಎಂದು ವೆಂಕಟರಾಮಪ್ಪ ಹತ್ತಿರ ಬಂದ.

"ಅವಳ ಕಡ್ಡಿ."

ವೆಂಕಟರಾಮಪ್ಪನಿಗೆ ಅರ್ಥವಾಗಲಿಲ್ಲ. ಶ್ಯಾಮಣ್ಣ ತೊಟ್ಟಿಯ ಎಲೆಗಳನ್ನು ತೋಡಿ ಹೊರಹಾಕಿದ. ರೇಡಿಯೇಟರಿನ ಬಾಯಿಗಳನ್ನು ಬಿಗಿದು ಮುಳುಗಿಸಿದ. ಪಂಪನ್ನು ತಾನೇ ಹಿಡಿದುಕೊಂಡ.

"ನೀನು ನೀರು ನೋಡು. ಗುಳ್ಳೆ ಎಲ್ಲಿ ಏಳ್ತದೆ ಹೇಳು."

"ನಾನ್ಯಾಕಣ್ಣ? ನೀನೇ ಇದ್ದೀಯಲ್ಲ."

"ನಂಗೆ ಕಾಣಾಕಿಲ್ಲ ವೆಂಕಟರಾಮಪ್ಪ. ಬೋ ವರ್ಸ ಆಯ್ತು."

ರಸ್ತೆಯಲ್ಲಿ ಒಂದು ಬಸ್ಸು ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ವೆಂಕಟರಾಮಪ್ಪ, "ಹಂಗಾದ್ರೆ ಇಷ್ಟ್ ದಿನ ಅಕ್ಕ..." ಎಂದು ಅರ್ಧಕ್ಕೆ ನಿಲ್ಲಿಸಿದ.

"ಹ್ಞೂ" ಎಂದ ಶ್ಯಾಮಣ್ಣ.

ವೆಂಕಟರಾಮಪ್ಪ ನೀರಿನ ಮೇಲೆ ಬಾಗಿದ. ಕಡ್ಡಿ ಇದ್ದ ಜಾಗದಲ್ಲೇ ಗುಳ್ಳೆ ಏಳುತ್ತಿದೆ ಎಂದು ಹೇಳಿ, ಅಲ್ಲಿ ಬೆರಳಿಟ್ಟು ಹಿಡಿದುಕೊಂಡ. ರೇಡಿಯೇಟರನ್ನು ನೀರಿನಿಂದ ಹೊರತೆಗೆದು, ಶ್ಯಾಮಣ್ಣ ಅವನ ಬೆರಳನ್ನು ಹುಡುಕಿಕೊಂಡು ಬಂದು ಅಲ್ಲಿ ಬೆಸುಗೆ ಹಾಕಿದ. ತವರ ಕರಗಿ ಕೂರುವ ಸಣ್ಣ ಸುಯ್ ಎಂಬ ಸದ್ದಿಗೆ ಎಂದಿನಂತೆ ಕಿವಿಗೊಟ್ಟ. ಈ ಸಲ ನಿಯಮ ತಪ್ಪಿಸಲಿಲ್ಲ. ಆರಿದ ಮೇಲೆ ಮತ್ತೆ ಮುಳುಗಿಸಿದ, ಮತ್ತೆ ಪಂಪು ಹಿಡಿದ.

"ಒಂದೂ ಇಲ್ಲ ಕಣಣ್ಣ. ಸಾಕು, ಬುಡು" ಎಂದ ವೆಂಕಟರಾಮಪ್ಪ.

"ಸರಿಯಾಗಿ ನೋಡ್ದಾ?"

"ನೋಡ್ದೆ. ನೀರು ತಣ್ಣಗೆ ನಿಂತೈತೆ."

"ಇನ್ನೊಂದ್ಸಲ ನೋಡು. ಮೇಲಿಂದ ಕೆಳ್ಗಂಟ" ಎಂದ ಶ್ಯಾಮಣ್ಣ. ಪಂಪಿನ ಮೇಲಿನ ಕೈ ನಿಲ್ಲಿಸಲಿಲ್ಲ.